ಪೀಠ ಖಾಲಿಯಿದ್ದ ದಿನಗಳು

ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಜಾತ್ರೆ ಮುಗಿದ ಮೇಲೆ ಯುಗಾದಿಯಂದು ಮರುಪ್ರತಿಷ್ಠೆಯಾಗುವವರೆಗೆ ದೇವಿಯ ಪೀಠ ಖಾಲಿಯಿರುತ್ತದೆ. 2022ರ ಮಾರ್ಚಿನಲ್ಲಿ ಅಂಥದೇ ಒಂದು ದಿನ ಬೆಳಗಿನ ಚಹಾ ಕುಡಿಯುತ್ತಿದ್ದ ನಮ್ಮ ಯಜಮಾನರ ಬಲಗೈಯಿಂದ ಲೋಟ ಜಾರಿತು. ಏನಾಯಿತೆಂದು ಕೇಳಿದರೆ ಮಾತು ತೊದಲಿತು, ಬಾಯಿ ಒಂದು ಬದಿಗೆ ವಾಲಿತು. ಅಷ್ಟು ವರ್ಷ ಪ್ರತಿ ಮಂಗಳವಾರ ಯಾರ ಮುಂದೆ ನಿಂತು ಕೈಮುಗಿಯುತ್ತಿದ್ದೆನೋ ಆ ತಾಯಿ ಗುಡಿಯಲ್ಲಿಲ್ಲದ ಹೊತ್ತಿನಲ್ಲೇ ಇದು ಆಯಿತಲ್ಲ ಎಂಬುದು ನನಗೆ ಮೊದಲು ಹೊಳೆದ ಯೋಚನೆ.

ಪಾರ್ಶ್ವವಾಯುವಿಗೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಮ್ಮ ಜಿಲ್ಲೆಯವರಿಗೆ ದೊಡ್ಡ ಕಾಯಿಲೆ ಎಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಅಥವಾ ಗೋವಾ. ನಮಗೆ ಹುಬ್ಬಳ್ಳಿ ಹತ್ತಿರ. ಹತ್ತಿರ ಎಂದರೂ ಶಿರಸಿಯಿಂದ ಸುಮಾರು ನೂರು ಕಿಲೋಮೀಟರು. ಜಾತ್ರೆಗೆಂದು ಬಂದು ಉಳಿದುಕೊಂಡಿದ್ದ ಪಕ್ಕದ ಮನೆಯ ಅಳಿಯ ಅಂಗಳದಲ್ಲೇ ಕಾರು ನಿಲ್ಲಿಸಿದ್ದರು. ಅವರು ಒಂದು ಮಾತೂ ಕೇಳದೆ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟರು, ನಾವು ಸಮಯದೊಳಗೆ ತಲುಪಿದೆವು. ಪ್ರಾಣ ಉಳಿಯಿತು, ಮಾತು ಮೆಲ್ಲಗೆ ಮರಳಿತು, ಬಲಗೈ ಮಾತ್ರ ಪೂರ್ತಿ ಬರಲಿಲ್ಲ.

ಆ ಕಾರನ್ನು ದೇವರೇ ನಿಲ್ಲಿಸಿದ್ದ ಎಂದು ಬಂದವರೆಲ್ಲ ಹೇಳಿದರು. ನಾನೂ ಹಾಗೆಯೇ ನಂಬಿದೆ, ಈಗಲೂ ನಂಬುತ್ತೇನೆ. ಆದರೆ 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿ ಬದಿಯಲ್ಲಿ ಚಹಾ ಅಂಗಡಿ ನಡೆಸುತ್ತಿದ್ದ ಕುಟುಂಬವೇ ಗಂಗಾವಳಿ ನದಿಯ ಪಾಲಾದಾಗ, ನಮ್ಮನ್ನು ಆರಿಸಿ ಕಾಪಾಡಿದ ಎಂಬ ಮಾತು ನನ್ನ ಬಾಯಲ್ಲಿ ನಿಲ್ಲಲಿಲ್ಲ. ಅವರೂ ಬೆಳಿಗ್ಗೆ ಎದ್ದು ದೀಪ ಹಚ್ಚಿಯೇ ಒಲೆ ಹೊತ್ತಿಸಿದವರಿರಬೇಕು. ಅಂದಿನಿಂದ ಆ ಕಾರಿಗಾಗಿ ಕೃತಜ್ಞತೆ ಹೇಳುತ್ತೇನೆಯೇ ಹೊರತು ಅದನ್ನು ನಮ್ಮ ಪುಣ್ಯದ ಲೆಕ್ಕಕ್ಕೆ ಬರೆದುಕೊಳ್ಳುವುದಿಲ್ಲ. ಈ ಎರಡನ್ನೂ ಬೇರ್ಪಡಿಸಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು.

ಮೊದಲು ನನ್ನ ನಂಬಿಕೆ ಬೇರೆ ರೀತಿಯದಾಗಿತ್ತು. ಮಗಳ ಸಂಬಂಧ ಇರಲಿ, ಅಡಿಕೆ ಯಾವಾಗ ಮಾರಬೇಕೆಂಬುದಿರಲಿ, ಊರ ದೇವರ ಮುಂದೆ ಹೂವಿನ ಪ್ರಸಾದ ಕೇಳದೆ ಹೆಜ್ಜೆ ಇಡುತ್ತಿರಲಿಲ್ಲ. ದೇವರ ಮೇಲಿಟ್ಟ ಹೂವು ಬಲಕ್ಕೆ ಬಿದ್ದರೆ ಸಮಾಧಾನ. ಎಡಕ್ಕೆ ಬಿದ್ದರೆ ವಾರಗಟ್ಟಲೆ ತಳಮಳ. ಪ್ರಸಾದದ ಮೇಲೆ ನನಗೆ ಇಂದಿಗೂ ಗೌರವವಿದೆ. ಆದರೆ ನಾನು ಕೇಳುತ್ತಿದ್ದುದು ಮುಂದೇನಾಗುತ್ತದೆಂಬ ಖಾತರಿಯನ್ನು. ದೇವರು ಜೊತೆಗಿದ್ದರೆ ಸಾಕು ಎಂದು ಕೇಳಲು ನನಗೆ ಆಗ ತಿಳಿದಿರಲಿಲ್ಲ.

ಇದು ತಿಳಿದದ್ದು ತೋಟದಲ್ಲಿ. ಯಜಮಾನರು ಹಾಸಿಗೆ ಹಿಡಿದ ಆ ಮಳೆಗಾಲದಲ್ಲಿ ಎರಡು ಎಕರೆ ಅಡಿಕೆ ತೋಟ ನನ್ನ ಪಾಲಿಗೆ ಬಂತು. ಅಡಿಕೆ ಕಾಯಿಯನ್ನು ಕೊಳೆಸಿ ಉದುರಿಸುವ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಸೇರಿಸಿದ ಮೇಲೆ ಹದ ಸರಿಯಿದೆಯೇ ಎಂದು ನೋಡಲು ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು. ಮೊದಲ ಸಲ ಅವಸರದಲ್ಲಿ, ದೇವರ ಮೇಲೆ ಭಾರ ಹಾಕಿ ಹೊಡೆಸಿಬಿಡೋಣ ಎಂದೆ. ಮರ ಹತ್ತಲು ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದ, ಅಡಿಕೆ ಕೊನೆ ಕೊಯ್ಯುವ ಕಸುಬಿನ ಕೊನೆಗೌಡರು ಕೈ ತಡೆದು, "ಅಮ್ಮಾ, ಕತ್ತಿ ಅದ್ದಿ ನೋಡಿ, ಆಮೇಲೆ ಭಾರ ಹಾಕಿ" ಎಂದರು. ಅದ್ದಿದೆ. ಅಲಗು ಕೆಂಪಗಾಯಿತು. ಹಾಗೇ ಹೊಡೆಸಿದ್ದರೆ ಎಳೆಗಾಯಿ ಸುಟ್ಟುಹೋಗುತ್ತಿತ್ತು.

ಅಂದು ಸಂಜೆ ದೀಪ ಹಚ್ಚುವಾಗ ಈ ಮಾತೇ ತಲೆಯಲ್ಲಿತ್ತು. ಅಂದಿನಿಂದ ನಾನು ರೂಢಿಸಿಕೊಂಡದ್ದು ಸರಳ ಕ್ರಮ. ದೀಪದ ಮುಂದೆ ಕೂತು ನಾಳೆ ನಾನು ಮಾಡಬೇಕಾದ ಕೆಲಸವನ್ನು ಹೆಸರಿಟ್ಟು ಹೇಳುತ್ತೇನೆ: ತೋಟಕ್ಕೆ ಎರಡನೆಯ ಸಲ ಔಷಧಿ ಹೊಡೆಸಲು ಆಳು ಕರೆಯುವುದು, ಯಜಮಾನರ ಗುಳಿಗೆ ತರುವುದು, ಸಂಘದ ಸಾಲದ ಕಂತು. ಬಳಿಕ ನನ್ನ ಕೈಯಲ್ಲಿಲ್ಲದ್ದನ್ನೂ ಹಾಗೆಯೇ ಹೆಸರಿಟ್ಟು ಒಪ್ಪಿಸುತ್ತೇನೆ: ಮಳೆ ಬಿಡುವು ಕೊಡುವುದು, ಅವರ ಬೆರಳು ಅಲ್ಲಾಡುವುದು. ಸುಮ್ಮನೆ "ಎಲ್ಲ ನಿನ್ನದು" ಎಂದರೆ ನನಗೆ ಏನನ್ನೂ ಒಪ್ಪಿಸಿದಂತಾಗುವುದಿಲ್ಲ, ರಾತ್ರಿ ಅದೇ ಚಿಂತೆ ಮತ್ತೆ ಮಗ್ಗುಲಿಗೆ ಬರುತ್ತದೆ. ಹೆಸರಿಟ್ಟು ಕೊಟ್ಟದ್ದನ್ನು ಹಿಂದಕ್ಕೆ ಎಳೆದುಕೊಳ್ಳಲು ನಾಚಿಕೆಯಾಗುತ್ತದೆ. ಕೊನೆಗೆ ಆ ದಿನ ಯಾರ ರೂಪದಲ್ಲಿ ಸಹಾಯ ಬಂತೆಂದು ನೆನೆಯುತ್ತೇನೆ. ಕೊನೆಗೌಡರ ಹೆಸರು ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ.

ಈ ಕ್ರಮದಿಂದ ಕೊಳೆ ನಿಂತಿತೆಂದು ಯಾರೂ ತಿಳಿಯಬಾರದು. ಆ ವರ್ಷವೂ ತೋಟದ ಕೆಳಗಿನ ಭಾಗದಲ್ಲಿ ಕಾಯಿ ಉದುರಿತು, ಬುಟ್ಟಿ ಬುಟ್ಟಿ ಹೆಕ್ಕಿ ಹಾಕಿದೆ. ಬದಲಾದದ್ದು ಹೆಕ್ಕುವಾಗಿನ ನನ್ನ ಮನಸ್ಸು. ಯಾಕೆ ಹೀಗೆ ಮಾಡಿದೆ ಎಂದು ದೇವರನ್ನು ಕೇಳಿ ಅತ್ತದ್ದೂ ಉಂಟು, ಆದರೆ ಅಳುವಾಗಲೂ ಎದುರಿಗೆ ಕೇಳುವವನಿದ್ದಾನೆಂಬ ಭಾವ ಹೋಗಲಿಲ್ಲ.

ಯಜಮಾನರ ಬೆರಳಿಗೆ ವ್ಯಾಯಾಮವೆಂದು ಒಣಗಿಸಿ ಸುಲಿದ ಚಾಲಿ ಅಡಿಕೆಯನ್ನು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹಾಕಿಸುತ್ತಿದ್ದೆ. ಮೊದಲ ತಿಂಗಳು ಒಂದೂ ಹಿಡಿಯಲು ಆಗಲಿಲ್ಲ, ದೀಪಾವಳಿಯ ಹೊತ್ತಿಗೆ ಏಳು. 2024ರ ಜಾತ್ರೆ ಮುಗಿದು ಪೀಠ ಮತ್ತೆ ಖಾಲಿಯಾದ ದಿನಗಳಲ್ಲಿ ಒಂದು ಸಂಜೆ, ಅವರೇ ಬಲಗೈಯಲ್ಲಿ ಬತ್ತಿ ಹಿಡಿದು, ನಡುಗುವ ಕೈಯನ್ನು ಎಡಗೈಯಿಂದ ಆನಿಸಿಕೊಂಡು ಮನೆಯ ದೀಪಕ್ಕೆ ಇಟ್ಟರು. ನಾನು ಎಣ್ಣೆ ಹೊಯ್ದೆ.