ಹೆರಾಲ್ಡ್ ಕಾರಿಗೆ ಹೊಸ ಪೆಟ್ರೋಲ್ ಟ್ಯಾಂಕ್ ಕೂರಿಸಿದ್ದು

ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಪೆಟ್ರೋಲ್ ಟ್ಯಾಂಕ್ ಡಿಕ್ಕಿಯ ಒಳಗೇ, ಎಡಬದಿಗೆ ಒತ್ತಿಕೊಂಡು ಕುಳಿತಿರುತ್ತದೆ. ಬ್ರಿಟನ್ನಿನಲ್ಲಿ 1959ರಲ್ಲಿ ಬಂದ ಟ್ರಯಂಫ್ ಹೆರಾಲ್ಡನ್ನು ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ ಇಲ್ಲಿ ತಯಾರಿಸತೊಡಗಿದಾಗ ಈ ಏರ್ಪಾಡು ಹಾಗೆಯೇ ಬಂತು. ಟ್ಯಾಂಕ್ ಡಿಕ್ಕಿಯೊಳಗೆ ಇರುವುದರಿಂದ ಕೆಲಸಗಾರನಿಗೆ ಒಂದು ಅನುಕೂಲವಿದೆ: ಕಾರಿನ ಅಡಿಯಲ್ಲಿ ಮಲಗಬೇಕಾಗಿಲ್ಲ. ಅನನುಕೂಲವೂ ಅಲ್ಲಿಯೇ ಇದೆ. ಎಲ್ಲಾದರೂ ಜಿನುಗಿದರೆ ಆವಿ ನೇರವಾಗಿ ಕಾರಿನೊಳಕ್ಕೆ ಬರುತ್ತದೆ, ಡಿಕ್ಕಿಯ ರಬ್ಬರು ಹಳತಾದರೆ ಮಳೆನೀರು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಉಡುಪಿಯ ಮಳೆಯಲ್ಲಿ, ಮಲ್ಪೆಯ ಕಡೆಯಿಂದ ಬೀಸುವ ಉಪ್ಪುಗಾಳಿಯಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಾಳಿದ ನನ್ನ ಕಾರಿನ ಟ್ಯಾಂಕ್ ತಳದ ಅಂಚಿನಲ್ಲಿ ಒಸರಲು ಆರಂಭಿಸಿದ್ದು ಅಚ್ಚರಿಯ ಸಂಗತಿಯೇನೂ ಆಗಿರಲಿಲ್ಲ.

ತುಕ್ಕಿನೊಂದಿಗೆ ಇನ್ನೊಂದು ಕಾರಣವೂ ಸೇರಿಕೊಂಡಿತ್ತು. ಆ ಕಾಲದ ಟ್ಯಾಂಕುಗಳನ್ನು ಸೀಸ ಮತ್ತು ತವರದ ಲೇಪವಿರುವ ತಗಡಿನಿಂದ ಮಾಡುತ್ತಿದ್ದರು. ಶುದ್ಧ ಪೆಟ್ರೋಲಿನಲ್ಲಿ ಆ ಲೇಪಕ್ಕೆ ದೀರ್ಘಾಯುಷ್ಯವಿತ್ತು. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಶೇಕಡಾ 10ರಷ್ಟು ಎಥನಾಲ್ ಬೆರೆಸುವ ಗುರಿಯನ್ನು 2022ರಲ್ಲಿ ಮುಟ್ಟಿ, 2023ರಿಂದ ಶೇಕಡಾ 20ರ ಮಿಶ್ರಣವನ್ನು ಹಂತಹಂತವಾಗಿ ಬಂಕುಗಳಿಗೆ ತಂದರು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರಿನ ಪ್ರಮಾಣ ಮಿತಿ ಮೀರಿದರೆ ನೀರು ಬೆರೆತ ಎಥನಾಲ್ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ವಾರಕ್ಕೊಮ್ಮೆ ಮಾತ್ರ ಹೊರಬರುವ ಕಾರಿನಲ್ಲಿ, ಅದೂ ಕರಾವಳಿಯ ಹವೆಯಲ್ಲಿ, ಇದರ ಪರಿಣಾಮ ಏನೆಂದು ತಳದ ತಗಡೇ ತೋರಿಸಿತು.

ಒಳಗೆ ಎಪಾಕ್ಸಿ ಬಳಿದು ಮುಚ್ಚುವ ವಿಧಾನವೊಂದಿದೆ. ತುಕ್ಕು ಪೂರ್ತಿ ಹೋಗದ ತಗಡಿನ ಮೇಲೆ ಬಳಿದ ಲೇಪ ಮುಂದೆ ಎಥನಾಲಿಗೆ ಸಿಕ್ಕಿ ಹಾಳೆಹಾಳೆಯಾಗಿ ಎದ್ದು ಪೈಪಿಗೆ ಅಡ್ಡವಾಗುವುದನ್ನು ಬೇರೆಯವರ ಕಾರುಗಳಲ್ಲಿ ಕಂಡಿದ್ದರಿಂದ ನನಗೆ ಅದರಲ್ಲಿ ನಂಬಿಕೆಯಿಲ್ಲ. ಹೊಸ ಟ್ಯಾಂಕನ್ನು ಹೊರದೇಶದಿಂದ ತರಿಸುವುದೆಂದರೆ ಟೊಳ್ಳು ಪೆಟ್ಟಿಗೆಯೊಂದಕ್ಕೆ ದುಬಾರಿ ಸಾಗಣೆ ವೆಚ್ಚ ತೆರಬೇಕು. ಉಡುಪಿ, ಮಂಗಳೂರುಗಳಲ್ಲಿ ಹೋಟೆಲುಗಳ ಅಡುಗೆಮನೆಗೆ ಸ್ಟೀಲಿನ ಇಡ್ಲಿ ಸ್ಟೀಮರ್, ತೊಟ್ಟಿ, ಮೇಜುಗಳನ್ನು ಮಾಡುವ ವರ್ಕ್‌ಶಾಪುಗಳಿಗೆ ಕೊರತೆಯಿಲ್ಲ, ಅಲ್ಲಿ ತೆಳು ಸ್ಟೀಲಿಗೆ ಟಿಗ್ ವೆಲ್ಡಿಂಗ್ ಮಾಡುವ ಒಳ್ಳೆಯ ಕೈಗಳಿವೆ. ಅಂತಹದೊಂದು ಕಡೆ 304 ದರ್ಜೆಯ, 1.2 ಮಿ.ಮೀ. ದಪ್ಪದ ಸ್ಟೀಲಿನಲ್ಲಿ ಟ್ಯಾಂಕ್ ಮಾಡಿಸಲು ನಿರ್ಧರಿಸಿದೆ. ಅಲ್ಲಿನ ಮೇಸ್ತ್ರಿ ಮೊದಲ ದಿನವೇ ಹೇಳಿದ ಮಾತು ಇಡೀ ಕೆಲಸದ ಸಾರವಾಗಿತ್ತು: "ಪೆಟ್ಟಿಗೆ ಮಾಡುವುದು ದೊಡ್ಡದಲ್ಲ ಮಾರಾಯ್ರೆ, ಒಳಗಿನ ಪೈಪು ಎಷ್ಟು ಎತ್ತರದಲ್ಲಿ ನಿಲ್ಲಬೇಕೆಂದು ನೀವು ಸರಿಯಾಗಿ ಹೇಳಿ."

ಹಳೆಯ ಟ್ಯಾಂಕನ್ನು ಬಿಚ್ಚುವ ಮೊದಲು ಬ್ಯಾಟರಿಯ ತಂತಿಗಳನ್ನು ತೆಗೆದಿಟ್ಟೆ. ಆ ಕಾಲದ ಬ್ರಿಟಿಷ್ ವಿನ್ಯಾಸದ ಹಲವು ಕಾರುಗಳಲ್ಲಿ ಪಾಸಿಟಿವ್ ತುದಿಯನ್ನು ಕಾರಿನ ಲೋಹದ ಮೈಗೆ ಜೋಡಿಸಿ ಅರ್ಥ್ ಮಾಡಿರುತ್ತಾರಾದ್ದರಿಂದ, ಯಾವ ತುದಿ ಕಾರಿನ ಮೈಗೆ ಹೋಗಿದೆ ಎಂದು ನೋಡಿ, ಅದನ್ನೇ ಮೊದಲು ಕಳಚಬೇಕು. ಪೆಟ್ರೋಲನ್ನು ಅಂಗಳದಲ್ಲಿ, ಬಯಲಿನಲ್ಲಿ, ಲೋಹದ ಕ್ಯಾನಿಗೆ ಇಳಿಸಿದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದು, ಶೆಡ್ಡಿನ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 1.4ರಷ್ಟಾದರೂ ಕಿಡಿ ಸಾಕು. ತುಂಬಿದ ಟ್ಯಾಂಕಿಗಿಂತ, ಒಳಗೆ ಆವಿಯೂ ಗಾಳಿಯೂ ಬೆರೆತಿರುವ ಖಾಲಿ ಟ್ಯಾಂಕ್ ಹೆಚ್ಚು ಅಪಾಯಕಾರಿ ಎನ್ನುವುದಕ್ಕೆ ಇದೇ ಕಾರಣ.

ಬಿಚ್ಚಿದ ಮೇಲೆ ಹೊರಗಿನ ಅಳತೆಗಳನ್ನು ರಟ್ಟಿನ ಅಚ್ಚಿನಲ್ಲಿ ಇಳಿಸಿಕೊಂಡದ್ದು ಸುಲಭದ ಭಾಗ. ಸಮಯ ಹಿಡಿದದ್ದು ಒಳಗಿನ ಅಳತೆ. ನನ್ನ ಕಾರಿನ ಟ್ಯಾಂಕಿನ ಮೇಲೆ ರಿಸರ್ವ್ ಲಿವರ್ ಇದೆ. ಇಂದಿನವರು ಸ್ಕೂಟರಿನಲ್ಲಿ ಮಾತ್ರ ಕಂಡಿರಬಹುದಾದ ಏರ್ಪಾಡು ಅದು. ಲಿವರನ್ನು ತಿರುಗಿಸಿದಾಗ ಒಳಗಿನ ಬಾಗಿದ ಪೈಪಿನ ತುದಿ ಕೆಳಕ್ಕೆ ತಿರುಗಿ, ಅಡಿಯಲ್ಲಿ ಉಳಿದಿರುವ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಪೈಪು ತಳಕ್ಕೆ ತೀರ ಹತ್ತಿರವಾದರೆ ಕೆಸರನ್ನೂ ನೀರನ್ನೂ ಎಳೆಯುತ್ತದೆ, ತೀರ ಮೇಲಾದರೆ ರಿಸರ್ವ್ ಹೆಸರಿಗೆ ಮಾತ್ರ ಉಳಿಯುತ್ತದೆ. ಆದ್ದರಿಂದ ಲಿವರಿನ ಎರಡೂ ಸ್ಥಾನಗಳಲ್ಲಿ ಪೈಪಿನ ತುದಿ ತಳದಿಂದ ಎಷ್ಟು ಮೇಲಿದೆ ಎಂದು ಗುರುತು ಮಾಡಿಕೊಂಡು, ಅದೇ ಜೋಡಣೆಯನ್ನು ಹೊಸ ಟ್ಯಾಂಕಿಗೆ ವರ್ಗಾಯಿಸಲು ಅದರ ಕುತ್ತಿಗೆಯ ಮರೆಯನ್ನು (ತಿರುಪಿನ ಸುತ್ತುಗಳನ್ನು) ಲೇತಿನಲ್ಲಿ ಮಾಡಿಸಿದೆ. ಪೆಟ್ರೋಲ್ ಒಂದು ಬದಿಗೆ ನುಗ್ಗದಂತೆ ಒಳಗೆ ತೂತುಗಳಿರುವ ಅಡ್ಡ ತಗಡೊಂದನ್ನು ಹಾಕಿಸಿದೆ. ಅದನ್ನು ಪೆಟ್ರೋಲಿನ ಮಟ್ಟ ತೋರಿಸುವ ಗೇಜಿನ ಫ್ಲೋಟ್ (ತೇಲುವ ಗುಂಡು) ಓಡಾಡುವ ದಾರಿಯಿಂದ ದೂರ ಇರಿಸಬೇಕು.

ಗಾಳಿಯ ದಾರಿಯ ಬಗ್ಗೆ ಹೆಚ್ಚಿನವರು ಯೋಚಿಸುವುದಿಲ್ಲ. ಪಂಪ್ ಎಷ್ಟು ಪೆಟ್ರೋಲ್ ಎಳೆಯುತ್ತದೆಯೋ ಅಷ್ಟೇ ಗಾಳಿ ಟ್ಯಾಂಕಿನೊಳಕ್ಕೆ ಬರಬೇಕು. ಬಾರದಿದ್ದರೆ ಒಳಗೆ ನಿರ್ವಾತ ಉಂಟಾಗಿ, ಸ್ವಲ್ಪ ದೂರ ಓಡಿದ ಕಾರು ನಿಲ್ಲುತ್ತದೆ. ಮುಚ್ಚಳ ತೆರೆದಾಗ ಗಾಳಿ ನುಗ್ಗುವ ಸದ್ದು ಕೇಳಿದರೆ ರೋಗ ಇದೇ ಎಂದು ತಿಳಿಯಬೇಕು. ಕಾರ್ಬುರೇಟರ್ ಬಿಚ್ಚಿ ತೊಳೆದು ಹಣ ಕಳೆದುಕೊಂಡ ಮೇಲೆ ಮುಚ್ಚಳದ ರಂಧ್ರ ಕಟ್ಟಿದ್ದು ಗೊತ್ತಾದ ಕಥೆಗಳು ನಮ್ಮ ಕಡೆ ಬೇಕಾದಷ್ಟಿವೆ. ಜೊತೆಗೆ ಪೆಟ್ರೋಲ್ ಬಿಸಿಗೆ ಹಿಗ್ಗುತ್ತದೆ, ಪ್ರತಿ ಡಿಗ್ರಿಗೆ ಸುಮಾರು ಸಾವಿರದಲ್ಲೊಂದು ಪಾಲು. 30 ಲೀಟರ್ ಪೆಟ್ರೋಲ್ ನೆಲದಡಿಯ ತಂಪಿನಿಂದ ಬಂದು ಬಿಸಿಲಿನಲ್ಲಿ 15 ಡಿಗ್ರಿ ಕಾದರೆ ಅರ್ಧ ಲೀಟರಿನಷ್ಟು ಹೆಚ್ಚುತ್ತದೆ. ಅದಕ್ಕೆ ಮೇಲೆ ಜಾಗ ಉಳಿಯುವಂತೆ ತುಂಬುವ ಕೊಳವೆಯ ತುದಿಯನ್ನು ಟ್ಯಾಂಕಿನ ಮೇಲ್ತಗಡಿಗಿಂತ ತುಸು ಕೆಳಗೆ ಇಳಿಸಿ, ಗಾಳಿಯ ಸಣ್ಣ ಪೈಪನ್ನು ಅತ್ಯಂತ ಎತ್ತರದ ಬಿಂದುವಿನಲ್ಲಿ ಕೂರಿಸಿದೆ.

ವೆಲ್ಡಿಂಗ್ ಮುಗಿದ ಟ್ಯಾಂಕನ್ನು ಗಾಳಿ ತುಂಬಿ ಪರೀಕ್ಷಿಸುವಾಗ ಒತ್ತಡ 3 ಪಿಎಸ್‌ಐ (ಚದರ ಇಂಚಿಗೆ 3 ಪೌಂಡ್) ಮೀರಬಾರದು. ಚಪ್ಪಟೆ ಬದಿಗಳ ಪೆಟ್ಟಿಗೆ ಕಂಪ್ರೆಸರಿನ ಒತ್ತಡಕ್ಕೆ ಉಬ್ಬಿಬಿಡುತ್ತದೆ, ಉಬ್ಬಿದ್ದು ಮರಳಿ ಡಿಕ್ಕಿಯಲ್ಲಿ ಕೂರುವುದಿಲ್ಲ. ಸೈಕಲ್ ಪಂಪು, ಒಂದು ಸಣ್ಣ ಮೀಟರ್, ಸೋಪಿನ ನೀರು ಸಾಕು. ಬಳಿಕ ಲೀಟರ್ ಅಳತೆಯಲ್ಲಿ ನೀರು ತುಂಬಿಸುತ್ತ ಸಾಮರ್ಥ್ಯವನ್ನೂ, ಪೈಪಿನಿಂದ ಎಳೆದು ರಿಸರ್ವಿನಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನೂ ನೋಡಿಕೊಂಡೆ. ನೀರಿಗೆ ಬೆಂಕಿಯ ಭಯವಿಲ್ಲ, ಸ್ಟೀಲಿಗೆ ತುಕ್ಕಿನ ಭಯವಿಲ್ಲ. ಅನಂತರ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಸ್ವಲ್ಪ ಪೆಟ್ರೋಲ್ ಹಾಕಿ ಕುಲುಕಿ ಚೆಲ್ಲಿದೆ.

ಜೋಡಣೆಯಲ್ಲಿ ಒಂದು ಸಂಗತಿ ಇನ್ನೊಂದನ್ನು ಎಳೆದುಕೊಂಡು ಬರುತ್ತದೆ. ಸ್ಟೀಲ್ ಟ್ಯಾಂಕ್ ಕಾರಿನ ಕಬ್ಬಿಣದ ಬಾಡಿಗೆ ನೇರವಾಗಿ ತಾಗಿದರೆ ಉಪ್ಪಿನ ತೇವದಲ್ಲಿ ಬಾಡಿಯ ತಗಡು ಬೇಗ ತಿನ್ನಲ್ಪಡುತ್ತದೆ. ಅದಕ್ಕಾಗಿ ನಡುವೆ ರಬ್ಬರು ಪಟ್ಟಿ ಇಟ್ಟೆ. ಫೆಲ್ಟ್ ನೀರು ಹಿಡಿದಿಡುವುದರಿಂದ ಕರಾವಳಿಗೆ ಆಗದು. ರಬ್ಬರು ಬಂದ ಕೂಡಲೇ ಟ್ಯಾಂಕಿನ ಅರ್ಥ್ ತಪ್ಪುತ್ತದೆ. ಫ್ಲೋಟಿನ ಮಟ್ಟವನ್ನು ಗೇಜಿಗೆ ತಿಳಿಸುವ ಸೆಂಡರ್ ಟ್ಯಾಂಕಿನ ಲೋಹದ ಮೂಲಕವೇ ಅರ್ಥ್ ಪಡೆಯುವುದರಿಂದ ಮುಳ್ಳು ಸರಿಯಾಗಿ ಆಡುವುದಿಲ್ಲ, ಪೆಟ್ರೋಲ್ ತುಂಬಿಸುವಾಗ ಸ್ಥಿರವಿದ್ಯುತ್ತು ಹರಿದುಹೋಗಲು ದಾರಿಯೂ ಇರುವುದಿಲ್ಲ. ಹಾಗಾಗಿ ಸೆಂಡರಿನ ಸ್ಕ್ರೂ ಒಂದರಿಂದ ಬಣ್ಣ ಕೆರೆದ ಬಾಡಿಯ ಬೋಲ್ಟಿಗೆ ಪ್ರತ್ಯೇಕ ತಂತಿ ಎಳೆದೆ. ಸೆಂಡರನ್ನು ಒಳಗೆ ಕೂರಿಸುವ ಮೊದಲು ಕೈಯಲ್ಲಿ ಹಿಡಿದು ಫ್ಲೋಟನ್ನು ಎತ್ತಿ ಇಳಿಸಿ ಮುಳ್ಳು ಎರಡೂ ತುದಿ ಮುಟ್ಟುವುದನ್ನು ನೋಡಬೇಕು, ಆದರೆ ಅದನ್ನು ಡಿಕ್ಕಿಯಲ್ಲಿ ಪೆಟ್ರೋಲಿನ ಹನಿಯೂ ಇಲ್ಲದ ದಿನವೇ ಮಾಡಬೇಕು.

ಹಳೆಯ ಕಾರ್ಕ್ ಗ್ಯಾಸ್ಕೆಟ್ ಮತ್ತು ಸಾಧಾರಣ ರಬ್ಬರು ಹೋಸುಗಳನ್ನು ಪೂರ್ತಿ ಬಿಟ್ಟು ವೈಟಾನ್ ಎಂಬ ವಿಶೇಷ ರಬ್ಬರನ್ನು ಬಳಸಿದೆ. ಬೆಲೆ ಹೆಚ್ಚು, ಆದರೆ ಎಥನಾಲಿಗೆ ಅದು ಹಿಗ್ಗುವುದೂ ಇಲ್ಲ, ಬಿರುಕು ಬಿಡುವುದೂ ಇಲ್ಲ. ಪಂಪಿನ ಒಳಗಿನ ಪೊರೆಯಾದ ಡಯಾಫ್ರಾಮನ್ನೂ ಅದೇ ಸಮಯದಲ್ಲಿ ಬದಲಿಸಿದೆ. ಚಾಸಿಸ್ ಉದ್ದಕ್ಕೂ ಹೋಗುವ ಲೋಹದ ಪೈಪನ್ನು ಎರಡೂ ಕಡೆಯಿಂದ ಊದಿ ತೊಳೆದು, ಪಂಪಿನ ಮುಂಚೆ ಸಣ್ಣ ಫಿಲ್ಟರ್ ಇಟ್ಟೆ. ಕಾರಿನ ಬಾಡಿಯನ್ನಾಗಲೀ ಚಾಸಿಸನ್ನಾಗಲೀ ಎಲ್ಲಿಯೂ ಕೊರೆಯಲಿಲ್ಲ. 50 ವರ್ಷ ಮೀರಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮ ಮೂಲ ಸ್ವರೂಪವನ್ನು ಕೇಳುತ್ತದೆ. ನಿಯಮವಿಲ್ಲದಿದ್ದರೂ ನನ್ನ ಕೈ ಡ್ರಿಲ್ಲಿನ ಕಡೆ ಹೋಗುತ್ತಿರಲಿಲ್ಲ.

ಮೊದಲು 5 ಲೀಟರ್ ಮಾತ್ರ ಹಾಕಿ, ರಾತ್ರಿಯಿಡೀ ಬಿಟ್ಟು, ಪ್ರತಿ ಜೋಡಣೆಯ ಕೆಳಗೆ ಕಾಗದ ಇಟ್ಟು ನೋಡಿದೆ. ಪಂಪಿನ ಕೈಲಿವರನ್ನು ಒತ್ತಿ ಕಾರ್ಬುರೇಟರಿಗೆ ಪೆಟ್ರೋಲ್ ಏರಿಸುವಾಗ ಲಿವರ್ ಸಡಿಲವಾಗಿ ಆಡುತ್ತಿದ್ದರೆ ಪಂಪ್ ಕೆಟ್ಟಿದೆ ಎಂದು ತಿಳಿಯಬೇಕಾಗಿಲ್ಲ; ಪಂಪನ್ನು ಆಡಿಸುವ ಎಂಜಿನಿನ ಕ್ಯಾಮ್ ಎತ್ತರದ ಬದಿಯಲ್ಲಿ ನಿಂತಿರುತ್ತದೆ, ಎಂಜಿನನ್ನು ಒಂದು ಸುತ್ತು ತಿರುಗಿಸಿದರೆ ಸರಿಹೋಗುತ್ತದೆ. ಪರೀಕ್ಷೆಗೆ ಕುಂಜಿಬೆಟ್ಟಿನಿಂದ ಮಣಿಪಾಲಕ್ಕೆ ಏರುವ ರಸ್ತೆಗಿಂತ ಒಳ್ಳೆಯದು ಹತ್ತಿರದಲ್ಲಿಲ್ಲ. ಕಡಿಮೆ ಪೆಟ್ರೋಲಿನಲ್ಲಿ ಆ ಏರನ್ನು ಎಂಜಿನ್ ತಡವರಿಸದೆ ಹತ್ತಿದರೆ ಪೈಪಿನ ಎತ್ತರವೂ ಗಾಳಿಯ ದಾರಿಯೂ ಸರಿಯಾಗಿವೆ ಎಂದರ್ಥ. ನನ್ನ ಕಾರು ಹತ್ತಿತು. ಗೇಜಿನ ಮುಳ್ಳು ಮಾತ್ರ ಕಾಲು ಭಾಗಕ್ಕಿಂತ ಕೆಳಗೆ ಸ್ವಲ್ಪ ಕಡಿಮೆಯೇ ತೋರಿಸುತ್ತದೆ. ಅದನ್ನು ಹಾಗೆಯೇ ಬಿಟ್ಟಿದ್ದೇನೆ, ಹೆಚ್ಚು ತೋರಿಸುವುದಕ್ಕಿಂತ ಅದು ವಾಸಿ.

ಹಳೆಯ ಟ್ಯಾಂಕನ್ನು ಗುಜರಿಗೆ ಕೊಡುವ ಮುನ್ನ ಬಯಲಿನಲ್ಲಿ ನೀರು ತುಂಬಿಸಿ ಕೆಲವು ದಿನ ಇಟ್ಟು, ನೀರು ತುಂಬಿರುವಾಗಲೇ ಕೈ ಉಳಿಯಿಂದ ಮೇಲ್ತಗಡನ್ನು ದೊಡ್ಡದಾಗಿ ತೆರೆದೆ. ಗುಜರಿಯವರು ಗ್ಯಾಸ್ ಕಟ್ಟರ್ ಹಿಡಿಯುತ್ತಾರೆ, ಮುಚ್ಚಿದ ಟ್ಯಾಂಕಿನೊಳಗೆ ಏನಿತ್ತು ಎಂದು ಕೇಳುವ ಪದ್ಧತಿ ಅಲ್ಲಿಲ್ಲ.