ಡಿಲೀಟ್ ಬಟನ್ ಇಲ್ಲದ ಪ್ರಾಜೆಕ್ಟ್: ಚಿಕ್ಕಪೇಟೆಯ ಲೆಕ್ಕದಿಂದ ವೆಬ್ ಡೆವಲಪ್‌ಮೆಂಟ್‌ಗೆ

ಕೋಡಿಂಗ್ ಕಲಿಸುವ ಬೂಟ್‌ಕ್ಯಾಂಪ್ ಕೋರ್ಸು ಸೇರಬಹುದಾ ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಇದು: ಅಲ್ಲಿ ಕಲಿಸುವುದನ್ನೆಲ್ಲ ಕಲಿಯಲು ಯಾರಿಂದಲೂ ಆಗಲ್ಲ. ಸಿಲಬಸ್ ತೆಗೆದು ನೋಡಿ. ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ರಿಯಾಕ್ಟ್, ರಿಡಕ್ಸ್, ನೋಡ್, ಎಕ್ಸ್‌ಪ್ರೆಸ್, ಮೊಂಗೋಡಿಬಿ, ಗಿಟ್, ಇದರ ಜೊತೆ ದಿನಾ ಬೆಳಿಗ್ಗೆ ಡಿಎಸ್‌ಎ (ಡೇಟಾ ಸ್ಟ್ರಕ್ಚರ್, ಅಲ್ಗಾರಿದಮ್) ಲೆಕ್ಕಗಳು. ಇಷ್ಟೂ ಕೆಲವೇ ತಿಂಗಳಲ್ಲಿ. ಇದರಲ್ಲಿ ಯಾವುದನ್ನು ಗಟ್ಟಿ ಮಾಡಿಕೊಳ್ಳಬೇಕು, ಯಾವುದನ್ನು ಸದ್ಯಕ್ಕೆ ಬಿಡಬೇಕು ಅನ್ನುವುದನ್ನು ನೀವೇ ತೀರ್ಮಾನಿಸದಿದ್ದರೆ, ಎಲ್ಲವೂ ಅರ್ಧಂಬರ್ಧ ಆಗುತ್ತದೆ. ನಾನು ಏನೇನು ಬಿಟ್ಟೆ, ಏನೇನು ಹಿಡಿದುಕೊಂಡೆ ಅನ್ನುವುದಷ್ಟೇ ಇಲ್ಲಿದೆ.

ನಾನು ತಿಪಟೂರಿನವಳು, ಓದಿದ್ದು ಬಿ.ಕಾಂ. ಬೆಂಗಳೂರಿನ ಚಿಕ್ಕಪೇಟೆಯ ಒಂದು ಸೀರೆ ಸಗಟು ಅಂಗಡಿಯಲ್ಲಿ ಟ್ಯಾಲಿ, ಜಿಎಸ್‌ಟಿ ರಿಟರ್ನು, ಬಾಕಿ ವಸೂಲಿ ಪಟ್ಟಿ ನೋಡಿಕೊಳ್ಳುತ್ತಿದ್ದೆ. ಕ್ಲಾಸು ಬಿಟಿಎಂ ಲೇಔಟ್‌ನಲ್ಲಿ. ಅಲ್ಲಿಗೆ ಹೋಗುವ ಹಳದಿ ಮಾರ್ಗದ ಮೆಟ್ರೋ ಓಡಾಟ ಶುರುವಾಗಿದ್ದು 2025ರ ಆಗಸ್ಟ್‌ನಲ್ಲಿ. ನನ್ನ ಕಾಲಕ್ಕೆ ಅದಿನ್ನೂ ಕಂಬಗಳ ಮೇಲೆ ನಿಂತ ಸಾಲಷ್ಟೇ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ದಿನಾ ಹೋಗಿಬಂದು ರಾತ್ರಿ ಕೋಡ್ ಬರೆಯುವುದು ಆಗದ ಮಾತು ಅನ್ನಿಸಿ, ಕೆಲಸ ಬಿಟ್ಟು ಅಲ್ಲೇ ಒಂದು ಪಿಜಿ ಹಿಡಿದೆ.

ಫೀಸಿನ ವಿಷಯ. "ಕೆಲಸ ಸಿಕ್ಕ ಮೇಲೆ ಕೊಡಿ" ಅನ್ನುವ ಜಾಹೀರಾತುಗಳನ್ನು ನೀವೂ ನೋಡಿರುತ್ತೀರಿ. ಲೆಕ್ಕಪತ್ರದ ಅಭ್ಯಾಸ ಇದ್ದದ್ದರಿಂದ ಸಹಿ ಹಾಕುವ ಮುಂಚೆ ಒಪ್ಪಂದದ ಪ್ರತಿ ಕೇಳಿ ಮನೆಗೆ ತಂದು ಓದಿದೆ. ಸಂಬಳ ಎಷ್ಟು ದಾಟಿದರೆ ಕಟ್ಟಬೇಕು, ಡೆವಲಪರ್ ಕೆಲಸವೇ ಆಗಬೇಕಾ ಅಥವಾ ಯಾವ ಕೆಲಸ ಸಿಕ್ಕರೂ ಕಟ್ಟಬೇಕಾ, ಒಟ್ಟು ಎಷ್ಟಕ್ಕೆ ನಿಲ್ಲುತ್ತದೆ, ನಡುವೆ ಬಿಟ್ಟರೆ ಏನು — ಈ ನಾಲ್ಕಕ್ಕೂ ಬರವಣಿಗೆಯಲ್ಲಿ ಉತ್ತರ ಇರಬೇಕು. ಬಾಯಿಮಾತು ಲೆಕ್ಕಕ್ಕಿಲ್ಲ. ಇನ್ನೊಂದು ಬಗೆ ಇದೆ, ಅದಕ್ಕೆ ಹೆಚ್ಚು ಹುಷಾರಾಗಿರಬೇಕು: "ಸುಲಭ ಕಂತು" ಅಂತ ಹೇಳಿ ಯಾವುದೋ ಎನ್‌ಬಿಎಫ್‌ಸಿಯಿಂದ (ಬ್ಯಾಂಕಲ್ಲದ, ಸಾಲ ಕೊಡುವ ಕಂಪನಿ) ನಿಮ್ಮ ಹೆಸರಲ್ಲಿ ಸಾಲ ತೆಗೆಸುತ್ತಾರೆ. ಸಂಸ್ಥೆಗೆ ದುಡ್ಡು ಮೊದಲೇ ಹೋಗಿರುತ್ತದೆ. ನೀವು ಕ್ಲಾಸು ಬಿಟ್ಟರೂ ಇಎಂಐ ನಿಮ್ಮನ್ನು ಬಿಡಲ್ಲ. ಕಟ್ಟದಿದ್ದರೆ ಸಿಬಿಲ್ ಸ್ಕೋರ್ ಬೀಳುವುದು ನಿಮ್ಮದೇ. ಲ್ಯಾಪ್‌ಟಾಪಿಗೆ ಕನಿಷ್ಠ 8 ಜಿಬಿ ರ‍್ಯಾಮ್ ಇರಲಿ. 4 ಜಿಬಿಯಲ್ಲಿ ಕ್ರೋಮ್, ವಿಎಸ್ ಕೋಡ್, ಝೂಮ್ ಮೂರೂ ಒಟ್ಟಿಗೆ ತೆರೆದರೆ ಪಾಠಕ್ಕಿಂತ ಫ್ಯಾನಿನ ಸದ್ದೇ ಜಾಸ್ತಿ.

ಎಚ್‌ಟಿಎಂಎಲ್, ಸಿಎಸ್‌ಎಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪುಟದ ಭಾಗಗಳನ್ನು ಜೋಡಿಸುವ ಫ್ಲೆಕ್ಸ್‌ಬಾಕ್ಸ್ ಮತ್ತು ಗ್ರಿಡ್ ಚೆನ್ನಾಗಿ ಬಂದರೆ ಸಾಕು. ಅನಿಮೇಷನ್ ಇಡೀ ಅಧ್ಯಾಯವನ್ನೇ ಬಿಟ್ಟೆ, ಇವತ್ತಿಗೂ ಅದರ ಕೊರತೆ ಕಂಡಿಲ್ಲ.

ಬಿಡಲಾಗದ್ದು ಜಾವಾಸ್ಕ್ರಿಪ್ಟ್, ಬ್ರೌಸರಿನಲ್ಲಿ ನಡೆಯುವ ಭಾಷೆ. 1995ರಲ್ಲಿ ನೆಟ್‌ಸ್ಕೇಪ್‌ನಲ್ಲಿದ್ದ ಬ್ರೆಂಡನ್ ಐಕ್ ಇದರ ಮೊದಲ ರೂಪವನ್ನು ಹತ್ತು ದಿನದಲ್ಲಿ ಕಟ್ಟಿದರಂತೆ. ಆ ಅವಸರದ ಫಲವನ್ನು ನಾವು ಇನ್ನೂ ಉಣ್ಣುತ್ತಿದ್ದೇವೆ. "ಏನೂ ಇಲ್ಲ" ಅನ್ನಲು ಬಳಸುವ ನಲ್ ಅನ್ನುವುದರ ಟೈಪ್ ಕೇಳಿದರೆ "ಆಬ್ಜೆಕ್ಟ್" ಅನ್ನುತ್ತದೆ. ಇಂಥವನ್ನು ಬಾಯಿಪಾಠ ಮಾಡಬಹುದು. ಆದರೆ ಅಸಿಂಕ್ರನಸ್ ಕೋಡ್, ಅಂದರೆ ಬರೆದ ಸಾಲಿನ ಕ್ರಮದಲ್ಲೇ ನಡೆಯದ ಕೋಡ್, ಬಾಯಿಪಾಠಕ್ಕೆ ಬಗ್ಗಲ್ಲ. ಒಂದು ಅಂತ ಪ್ರಿಂಟ್ ಮಾಡು, ಆಮೇಲೆ "ಇಷ್ಟು ಹೊತ್ತಾದ ಮೇಲೆ ಮಾಡು" ಅನ್ನುವ ಸೆಟ್‌ಟೈಮ್‌ಔಟ್‌ಗೆ ಸೊನ್ನೆ ಮಿಲಿಸೆಕೆಂಡ್ ಕೊಟ್ಟು ಎರಡು ಅಂತ ಪ್ರಿಂಟ್ ಮಾಡು, ಆಮೇಲೆ ಮೂರು. ಬರುವುದು ಒಂದು, ಮೂರು, ಎರಡು. ಸೊನ್ನೆ ಅಂದರೆ ಸೊನ್ನೆ ತಾನೇ, ಎರಡು ಯಾಕೆ ಕೊನೆಗೆ?

ಪಾಠ ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ, ಜೋಕುಗಳು ಹಿಂದಿಯಲ್ಲಿ. ಬ್ಯಾಚಿನಲ್ಲಿ ಕನ್ನಡದವರು ಬೆರಳೆಣಿಕೆ. ಹಾವೇರಿಯ ಒಬ್ಬ ಹುಡುಗ ಪಕ್ಕದಲ್ಲೇ ಕೂರುತ್ತಿದ್ದ. "ಅಕ್ಕಾ, ಇದು ಹೆಂಗ ಅಂತ ನನಗೂ ತಲಿಗ್ ಹತ್ತವಲ್ದು. ನೀವರ ಹೇಳ್ರಿ" ಅಂದ. ಅವನಿಗೆ ಹೇಳಲು ಹೋಗಿಯೇ ನನಗೆ ಗೊತ್ತಾಗಿದ್ದು. ಅಂಗಡಿಯಲ್ಲಿ ಚೆಕ್ ಕೊಟ್ಟು ಹುಡುಗನನ್ನು ಬ್ಯಾಂಕಿಗೆ ಕಳಿಸಿ ನಾನು ಲೆಡ್ಜರ್ ಬರೆಯುತ್ತಾ ಕೂರುತ್ತಿದ್ದೆ. ಅವನು ಹೋದ ಹಾಗೇ ಬಂದರೂ, ಕೈಯಲ್ಲಿರುವ ಪುಟ ಮುಗಿದು ನಾನು ಪೆನ್ನು ಎತ್ತುವವರೆಗೆ ಬಾಗಿಲಲ್ಲಿ ನಿಂತಿರಬೇಕು. ಜಾವಾಸ್ಕ್ರಿಪ್ಟ್‌ಗೂ ಕೈ ಒಂದೇ. ಸೊನ್ನೆ ಮಿಲಿಸೆಕೆಂಡ್ ಅಂದರೆ "ಈಗಲೇ" ಅಂತಲ್ಲ, "ಈಗಿನದು ಮುಗಿದ ಮೇಲೆ" ಅಂತ. ಕಾಲ್ ಸ್ಟ್ಯಾಕ್, ಕ್ಯೂ, ಇವೆಂಟ್ ಲೂಪ್ ಅನ್ನುವ ಹೆಸರುಗಳು ಆಮೇಲೆ ತಾವಾಗಿ ತಂತಮ್ಮ ಜಾಗಕ್ಕೆ ಬಂದು ಕೂತವು. ಅವತ್ತಿಂದ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಪಾಠದ ಒಂದೊಂದು ತುಂಡನ್ನು ಕನ್ನಡದಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ನಮ್ಮ ರೂಢಿಯಾಯಿತು. ಹೇಳಲು ಬರದ ಜಾಗದಲ್ಲಿ ಇಂಗ್ಲಿಷ್ ಪದ ಎಸೆದು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲನ್ನು, ಹಿಂದುಮುಂದಾಗಿ ತಿರುಗಿಸುವ ಅಭ್ಯಾಸ ಎಲ್ಲ ಕಡೆ ಕೊಡುತ್ತಾರೆ. ಸ್ಪ್ಲಿಟ್, ರಿವರ್ಸ್, ಜಾಯಿನ್, ಮುಗಿಯಿತು. ಎಲ್ಲರೂ "ಹಲೋ" ತಿರುಗಿಸಿ ಮುಂದಿನ ಲೆಕ್ಕಕ್ಕೆ ಹೋದರು. ನಾನು "ಬೆಂಗಳೂರು" ಹಾಕಿ ನೋಡಿದೆ. ಬಂದ ಉತ್ತರದ ಮೊದಲಲ್ಲೇ ಒಂದು ಅನಾಥ ಉಕಾರ, ಚುಕ್ಕೆಗಳ ವೃತ್ತಕ್ಕೆ ಜೋತುಬಿದ್ದಿತ್ತು. ಳಕಾರದ ದೀರ್ಘ ರಕಾರಕ್ಕೆ ಹತ್ತಿ "ರೂ" ಆಗಿತ್ತು, ಅನುಸ್ವಾರದ ಸೊನ್ನೆ ಹೋಗಿ ಗಕಾರದ ಪಕ್ಕ ಕೂತು "ಗಂ" ಆಗಿತ್ತು, ಬಕಾರ ಬೋಳಾಗಿ ಕೊನೆಗೆ ನಿಂತಿತ್ತು. ಉದ್ದ ಕೇಳಿದರೆ 8 ಅನ್ನುತ್ತದೆ; ನಮ್ಮ ಕಣ್ಣಿಗೆ ಅಕ್ಷರ ನಾಲ್ಕೇ. ಯೂನಿಕೋಡ್‌ನಲ್ಲಿ ವ್ಯಂಜನ ಬೇರೆ, ಅದರ ಸ್ವರಚಿಹ್ನೆ ಬೇರೆ, ಅನುಸ್ವಾರ ಬೇರೆ. ಹೀಗೆ ಒಡೆದುಕೊಳ್ಳದಂತೆ ಭಾಗ ಮಾಡಲು ಇಂಟ್ಲ್ ಸೆಗ್ಮೆಂಟರ್ ಅನ್ನುವುದು ಜಾವಾಸ್ಕ್ರಿಪ್ಟ್‌ನಲ್ಲೇ ಇದೆ; ಪಾಠದಲ್ಲಿ ಅದರ ಮಾತೇ ಬರಲಿಲ್ಲ. ಹೆಸರಿನ ಕಾಲಂಗೆ ಇಷ್ಟೇ ಅಕ್ಷರ ಅಂತ ಮಿತಿ ಹಾಕುವವರು ಇದನ್ನೊಮ್ಮೆ ನೋಡಿಕೊಳ್ಳಬೇಕು.

ಎರಡನೆಯದಾಗಿ ಹಿಡಿದುಕೊಂಡದ್ದು ಎಚ್‌ಟಿಟಿಪಿ, ಬ್ರೌಸರೂ ಸರ್ವರೂ ಮಾತಾಡಿಕೊಳ್ಳುವ ರೀತಿ. ಸ್ಕ್ರೀನ್ ಕಟ್ಟಲು ಬಳಸುವ ರಿಯಾಕ್ಟ್‌ನ ಪಾಠ ಶುರುವಾದಾಗ ಎಲ್ಲರ ಗಮನ ಸ್ಕ್ರೀನಿನ ಮೇಲೆ. ನಾನು ಬ್ರೌಸರಿನ ನೆಟ್‌ವರ್ಕ್ ಟ್ಯಾಬ್ ತೆರೆದಿಟ್ಟುಕೊಂಡೇ ಕೆಲಸ ಮಾಡಿದೆ. ಏನು ಹೋಯಿತು, ಏನು ಬಂತು, 200 (ಸರಿಯಾಯಿತು) ಬಂತಾ 404 (ಸಿಗಲಿಲ್ಲ) ಬಂತಾ 500 (ಸರ್ವರಿನ ತಪ್ಪು) ಬಂತಾ. ಹೊಸಬರ ಕಣ್ಣಲ್ಲಿ ನೀರು ತರಿಸುವ ಕಾರ್ಸ್ ಎರರ್ ಹೀಗೆ ನೋಡಿಯೇ ಬಿಡಿಸಿಕೊಂಡಿದ್ದು. ಸರ್ವರನ್ನು ನೇರವಾಗಿ ಕೇಳಿ ನೋಡುವ ಪೋಸ್ಟ್‌ಮನ್ ಆ್ಯಪಿನಲ್ಲಿ ಡೇಟಾ ಬರುತ್ತದೆ, ಬ್ರೌಸರಿನಲ್ಲಿ ಬರಲ್ಲ. ನನ್ನ ರಿಯಾಕ್ಟ್ 3000ನೇ ಪೋರ್ಟಿನಲ್ಲಿ, ಸರ್ವರ್ 5000ದಲ್ಲಿ. ಯಂತ್ರ ಒಂದೇ ಆದರೂ ಪೋರ್ಟ್ ಬೇರೆಯಾದರೆ ಬ್ರೌಸರ್ ಪಾಲಿಗೆ ಅದು ಬೇರೆ ಮನೆ. "ಈ ಮನೆಯವರು ಕೇಳಿದರೆ ಕೊಡಬಹುದು" ಅಂತ ಸರ್ವರ್ ತನ್ನ ಹೆಡರಿನಲ್ಲಿ ಬರೆದು ಕಳಿಸಬೇಕು. ತಡೆಯುವುದು ಬ್ರೌಸರ್, ಅನುಮತಿ ಕೊಡಬೇಕಾದ್ದು ಸರ್ವರ್. ಆದ್ದರಿಂದ ರಿಯಾಕ್ಟ್ ಕೋಡನ್ನು ಎಷ್ಟು ತಿದ್ದಿದರೂ ಪ್ರಯೋಜನ ಇಲ್ಲ.

ಇನ್ನು ಪ್ರಾಜೆಕ್ಟ್. ಬಹುತೇಕರು ಟು-ಡು ಲಿಸ್ಟು, ಸಿನಿಮಾ ಆ್ಯಪು, ಯಾವುದಾದರೂ ದೊಡ್ಡ ಶಾಪಿಂಗ್ ಸೈಟಿನ ನಕಲು ಮಾಡುತ್ತಾರೆ. ಸಂದರ್ಶನ ಮಾಡುವವರು ಅದೇ ನಕಲನ್ನು ಆ ವಾರ ಎಷ್ಟು ಸಲ ನೋಡಿರುತ್ತಾರೋ. ನಾನು ಹಳೆ ಅಂಗಡಿಗೆ ಒಂದು ಬಾಕಿ ಪುಸ್ತಕ ಮಾಡಿದೆ: ಯಾವ ಊರಿನ ಯಾವ ಅಂಗಡಿಯಿಂದ ಎಷ್ಟು ಬರಬೇಕು, ಎಷ್ಟು ದಿನದಿಂದ ಬಾಕಿ. ಇಲ್ಲಿ ಮೊಂಗೋಡಿಬಿ ಬಿಟ್ಟು ಪೋಸ್ಟ್‌ಗ್ರೆಸ್ ಡೇಟಾಬೇಸ್ ತಗೊಂಡೆ. ಲೆಕ್ಕ ಅಂದರೆ ಒಂದಕ್ಕೊಂದು ತಾಳೆಯಾಗುವ ಕಾಲಂಗಳು. ಅದಕ್ಕೆ ಎಸ್‌ಕ್ಯೂಎಲ್, ಅಂದರೆ ಡೇಟಾಬೇಸಿನ ಟೇಬಲ್‌ಗಳನ್ನು ಕೇಳುವ ಭಾಷೆ, ಸರಿ ಅನ್ನಿಸಿತು. ಕ್ಲಾಸಿನಲ್ಲಿ ಅದು ಇರಲಿಲ್ಲ, ರಿಡಕ್ಸ್‌ಗೆ ಮೀಸಲಾಗಿದ್ದ ಸಂಜೆಗಳನ್ನು ಇದಕ್ಕೆ ಕೊಟ್ಟೆ. ರೂಪಾಯಿಯನ್ನು ದಶಮಾಂಶದಲ್ಲಿ ಇಡದೆ ಪೈಸೆಯ ಪೂರ್ಣಸಂಖ್ಯೆಯಾಗಿ ಇಟ್ಟೆ, ಯಾಕೆಂದರೆ ಜಾವಾಸ್ಕ್ರಿಪ್ಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಟ್ರಯಲ್ ಬ್ಯಾಲೆನ್ಸ್ ತಾಳೆ ಮಾಡಿ ಅಭ್ಯಾಸ ಇರುವವರಿಗೆ ಆ ಕೊನೆಯ 4 ನಿದ್ದೆ ಕೊಡಲ್ಲ.

ತೋರಿಸಲು ಅಂಗಡಿಗೆ ಹೋದೆ. ನಾನು ಕೆಲಸ ಕಲಿತದ್ದು ಅಲ್ಲಿನ ಹಿರಿಯ ಗುಮಾಸ್ತರಾದ ರಾಯರ ಹತ್ತಿರ. ಅವರು ಕನ್ನಡಕ ಮೇಲೆತ್ತಿ ಫೋನಿನಲ್ಲಿ ಮೊತ್ತ ಹಾಕಿದರು, 1,25,000 ಅಂತ, ನಾವೆಲ್ಲ ಬರೆಯುವ ಹಾಗೆ ಅಲ್ಪವಿರಾಮ ಸಮೇತ. ಬರೆದದ್ದನ್ನು ಸಂಖ್ಯೆಯಾಗಿಸುವ ಪಾರ್ಸ್‌ಇಂಟ್ ಮೊದಲ ಅಲ್ಪವಿರಾಮದ ತನಕ ಓದಿ ಅಲ್ಲಿಗೇ ನಿಂತಿತು. ಲೆಡ್ಜರಿಗೆ ಬಿದ್ದದ್ದು ಒಂದು ರೂಪಾಯಿ.

"ಏನಮ್ಮಾ, ಒಂದೂಕಾಲು ಲಕ್ಷ ಹೋಗಿ ಒಂದು ರೂಪಾಯಿ ಆಯ್ತಲ್ಲ, ಯಜಮಾನರಿಗೆ ನೀನೇ ಹೇಳ್ತೀಯಾ?"

ಪಾರ್ಸ್‌ಇಂಟ್ ಬದಲು ನಂಬರ್ ಬಳಸಿದರೆ "ಇದು ಸಂಖ್ಯೆಯಲ್ಲ" ಅಂತಾದರೂ ಹೇಳುತ್ತದೆ. ಪಾರ್ಸ್‌ಇಂಟ್ ಸುಮ್ಮನೆ ತಪ್ಪು ಸಂಖ್ಯೆ ಕೊಟ್ಟು ಹೋಗುತ್ತದೆ, ಅದೇ ಅಪಾಯ. ಅಲ್ಪವಿರಾಮ ತೆಗೆದು ಪರಿವರ್ತಿಸಿ, ತೋರಿಸುವಾಗ ಮಾತ್ರ ಭಾರತದ ಲೊಕೇಲ್ ಕೊಟ್ಟು ಲಕ್ಷ, ಕೋಟಿಯ ಜಾಗದಲ್ಲಿ ಅಲ್ಪವಿರಾಮ ಹಾಕಿಸಿದೆ. ಅಲ್ಲೇ ಕೂತು ಸರಿಪಡಿಸಿ ಮತ್ತೆ ಫೋನು ಅವರ ಕೈಗೆ ಕೊಟ್ಟೆ.

ರಾಯರು ಮುಂದೆ ಕೇಳಿದ್ದು ಡಿಲೀಟ್ ಬಟನ್ ಬಗ್ಗೆ. "ಇದನ್ನ ಒತ್ತಿದ್ರೆ ಎಂಟ್ರಿ ಹೋಗೇಬಿಡುತ್ತಾ? ಯಾವ ಲೆಕ್ಕದಲ್ಲಮ್ಮ ಅದು?" ಬೂಟ್‌ಕ್ಯಾಂಪಿನಲ್ಲಿ ಮೊದಲು ಹೇಳಿಕೊಡುವುದು ಕ್ರಡ್: ಸೇರಿಸು, ಓದು, ತಿದ್ದು, ಅಳಿಸು. ಅಂಕ ಕೊಡುವ ಪಟ್ಟಿಯಲ್ಲೂ ನಾಲ್ಕೂ ಇರಬೇಕು. ಲೆಕ್ಕದ ಮನೆಯಲ್ಲಿ ಅಳಿಸುವುದೇ ಇಲ್ಲ. ತಪ್ಪಾದರೆ ಉಲ್ಟಾ ಎಂಟ್ರಿ ಹಾಕಿ ಕಾರಣ ಬರೆಯುತ್ತೇವೆ. ಕಾನೂನೂ ಈ ಕಡೆಗೇ ಇದೆ: 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯಬೇಕು, ಆ ದಾಖಲೆಯನ್ನು ಆಫ್ ಮಾಡುವಂತಿರಬಾರದು. ಅಂಗಡಿಗೆ ಅದು ಅನ್ವಯಿಸಲ್ಲ, ಆದರೂ ಪದ್ಧತಿ ಪದ್ಧತಿಯೇ. ಡಿಲೀಟ್ ತೆಗೆದು "ರದ್ದು ಎಂಟ್ರಿ" ಇಟ್ಟೆ, ಕಾರಣ ಬರೆಯದೆ ಅದು ಸೇವ್ ಆಗಲ್ಲ. ಮೆಂಟರ್ ಒಪ್ಪಲಿಲ್ಲ, ಪಟ್ಟಿಯಲ್ಲಿ ಇದೆ ಅಂದರು. ಕರಡು ಸ್ಥಿತಿಯಲ್ಲಿರುವ ಬಿಲ್ಲಿಗೆ ಮಾತ್ರ ಡಿಲೀಟ್ ಕೊಟ್ಟು ರಾಜಿ ಮಾಡಿಕೊಂಡೆವು.

ಬಿಲ್ ಸಂಖ್ಯೆಯಲ್ಲೂ ಹೀಗೇ. ಜಿಎಸ್‌ಟಿ ನಿಯಮದ ಪ್ರಕಾರ ಇನ್‌ವಾಯ್ಸ್ ಸಂಖ್ಯೆ ಅನುಕ್ರಮವಾಗಿರಬೇಕು, 16 ಅಕ್ಷರ ಮೀರಬಾರದು, ಆ ಹಣಕಾಸು ವರ್ಷದಲ್ಲಿ ಮತ್ತೆ ಬರಬಾರದು. ಪೋಸ್ಟ್‌ಗ್ರೆಸ್ ತಾನಾಗಿ ಕೊಡುವ ಐಡಿಯನ್ನೇ ಬಿಲ್ ಸಂಖ್ಯೆ ಮಾಡಿಕೊಂಡರೆ ಸುಲಭ ಅನ್ನಿಸುತ್ತದೆ, ಆದರೆ ಟ್ರಾನ್ಸಾಕ್ಷನ್ (ಪೂರ್ತಿ ಆಗುವ, ಇಲ್ಲವೇ ಏನೂ ಆಗದ ಡೇಟಾಬೇಸ್ ಕೆಲಸ) ನಡುವೆ ವಿಫಲವಾದರೆ ತೆಗೆದುಕೊಂಡ ಸಂಖ್ಯೆ ವಾಪಸ್ ಬರಲ್ಲ, ನಡುವೆ ಖಾಲಿ ಬೀಳುತ್ತದೆ. ಅದಕ್ಕೇ ಬೇರೆ ಟೇಬಲ್ ಇಟ್ಟು, ಬಿಲ್ಲು ಮತ್ತು ಸಂಖ್ಯೆ ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬರೆಸಿದೆ.

ಕೆಲಸ ಹುಡುಕಾಟ ಬೂಟ್‌ಕ್ಯಾಂಪಿನಷ್ಟೇ ಸುಸ್ತು. ಬಹಳ ಕಡೆ ಡಿಎಸ್‌ಎ ಸುತ್ತಿನಲ್ಲೇ ಆಚೆ. ಅದನ್ನು ನಾನು ಅರ್ಧ ಬಿಟ್ಟಿದ್ದೆ, ಅದರ ಬೆಲೆ ಅಲ್ಲಿ ತೆತ್ತೆ. ದೊಡ್ಡ ಕಂಪನಿಗಳ ಕಡೆ ಹೋಗುವವರು ಅದನ್ನು ಬಿಡಬೇಡಿ. ಎಚ್‌ಎಸ್‌ಆರ್ ಲೇಔಟ್‌ನ ಒಂದು ಸಣ್ಣ ಕಂಪನಿ ಮಾತ್ರ ಪ್ರಾಜೆಕ್ಟ್ ತೆರೆದು ತೋರಿಸಿ ಅಂದಿತು. ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವವರು. "ಇದರಲ್ಲಿ ಡಿಲೀಟ್ ಎಲ್ಲಿ?" ಅಂತ ಕೇಳಿದರು. ರಾಯರ ಮಾತನ್ನೇ ಹೇಳಿದೆ. ಆಮೇಲಿನ ಪ್ರಶ್ನೆಗಳೆಲ್ಲ ಟೇಬಲ್‌ಗಳ ಬಗ್ಗೆ, ಟ್ರಾನ್ಸಾಕ್ಷನ್ ಬಗ್ಗೆ. ರಿಯಾಕ್ಟ್ ಬಗ್ಗೆ ಬಂದದ್ದು ಒಂದೋ ಎರಡೋ.

ಅಲ್ಲಿಗೆ ಸೇರಿ ಮೊದಲು ಕೈಗೆ ಬಂದದ್ದು ಹಳೆಯ ಜಾವಾಸ್ಕ್ರಿಪ್ಟ್ ಲೈಬ್ರರಿಯಾದ ಜೆಕ್ವೆರಿಯ ಕೋಡು, ಪಾಠದಲ್ಲಿ ಯಾರೂ ಹೆಸರೆತ್ತದ್ದು. ನೆಟ್‌ವರ್ಕ್ ಟ್ಯಾಬ್ ತೆರೆದುಕೊಂಡು ಒಂದೊಂದೇ ಕರೆಯ ಬೆನ್ನುಹತ್ತಿ ಓದಿದೆ. ಎಸ್‌ಕ್ಯೂಎಲ್ ದಿನಾ ಬೇಕು. ರಿಡಕ್ಸ್ ಇನ್ನೂ ಬೇಕಾಗಿಲ್ಲ. ಜಾವಾಸ್ಕ್ರಿಪ್ಟ್‌ಗೆ ಟೈಪ್ ಸೇರಿಸಿದ ಟೈಪ್‌ಸ್ಕ್ರಿಪ್ಟ್ ಬೇಕಾಗಿದೆ, ಭಾನುವಾರ ಬೆಳಿಗ್ಗೆಗಳು ಈಗ ಅದಕ್ಕೆ ಹೋಗುತ್ತಿವೆ.