ತೋಟದಿಂದ ಬಂದ ಸ್ಯಾಂಪಲ್‌ನಲ್ಲಿ ಕೊಕ್ಕೆಹುಳು ಹುಡುಕೋದು ಹೇಗೆ?

ಸಕಲೇಶಪುರ, ಮೂಡಿಗೆರೆ ಕಡೆಯ ಸಣ್ಣ ಲ್ಯಾಬಿಗೆ ಹೊಸದಾಗಿ ಸೇರಿದವರು ಮೊದಲು ಕಲಿಯಬೇಕಾದದ್ದು ಮಲಪರೀಕ್ಷೆ. ಕಾಫಿ ತೋಟದ ನೆರಳು, ಒದ್ದೆ ಮಣ್ಣು ಕೊಕ್ಕೆಹುಳುವಿನ ಮರಿಗಳಿಗೆ ಹೇಳಿ ಮಾಡಿಸಿದ ಜಾಗ. ಬರಿಗಾಲಲ್ಲಿ ಓಡಾಡುವವರ ಪಾದದ ಚರ್ಮ ಕೊರೆದು ಒಳಗೆ ಹೋಗುತ್ತವೆ, ಕೊನೆಗೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ಹಾಗಾಗಿ ಹಿಮೋಗ್ಲೋಬಿನ್ ಇಳಿದಿರುವ ಕಾರ್ಮಿಕರ ಸ್ಯಾಂಪಲ್ ಬಂದರೆ ದಯವಿಟ್ಟು ಅವಸರದಲ್ಲಿ ಮುಗಿಸಬೇಡಿ.

ಎಲ್ಲದಕ್ಕಿಂತ ಮುಖ್ಯ ಡಬ್ಬಿ. ಒಣಗಿರಬೇಕು, ಅಗಲ ಬಾಯಿ ಇರಬೇಕು, ಮೂತ್ರ ಬೆರೆಯಬಾರದು. ಎಷ್ಟು ಗಂಟೆಗೆ ತೆಗೆದದ್ದು ಅಂತ ಕೇಳಿ ಬರೆದುಕೊಳ್ಳಿ. ಇದನ್ನು ಯಾರೂ ಕೇಳೋದೇ ಇಲ್ಲ! ನೀರಿನಂತೆ ಭೇದಿ ಆಗಿದ್ದರೆ ಅರ್ಧ ಗಂಟೆಯೊಳಗೆ ನೋಡಬೇಕು, ಇಲ್ಲದಿದ್ದರೆ ಓಡಾಡುವ ಅಮೀಬಾ ಸತ್ತು ಗುರುತೇ ಸಿಗುವುದಿಲ್ಲ.

ಸ್ಲೈಡಿನ ಒಂದು ಕಡೆ ಸಲೈನ್ (ತೆಳು ಉಪ್ಪುನೀರು), ಇನ್ನೊಂದು ಕಡೆ ಅಯೋಡಿನ್ ಹನಿ. ಕಡ್ಡಿಯ ತುದಿಯಷ್ಟು ಮಲ ಸಾಕು. ಸ್ಲೈಡ್ ಕೆಳಗೆ ಪೇಪರ್ ಇಟ್ಟರೆ ಅಕ್ಷರ ಓದಲು ಬರಬೇಕು, ಅಷ್ಟು ತೆಳುವಾಗಿರಲಿ. ಬೆಳಕು ಕಡಿಮೆ ಮಾಡಿ, 10ರ ಲೆನ್ಸ್‌ನಲ್ಲಿ ಒಂದು ಮೂಲೆಯಿಂದ ಶುರು ಮಾಡಿ ಇಡೀ ಕವರ್‌ಸ್ಲಿಪ್ ನೋಡಿ. ಬೆಳಕು ಜಾಸ್ತಿ ಇದ್ದರೆ ಕೊಕ್ಕೆಹುಳುವಿನ ಮೊಟ್ಟೆ ಕಣ್ಣಿಗೇ ಬೀಳಲ್ಲ, ಯಾಕೆಂದರೆ ಅದಕ್ಕೆ ಬಣ್ಣವಿಲ್ಲ. ಸುಮಾರು 60 ಮೈಕ್ರಾನ್ ಉದ್ದ, ತೆಳು ಸಿಪ್ಪೆ, ಒಳಗೆ ಸಾಮಾನ್ಯವಾಗಿ 4ರಿಂದ 8 ಕೋಶಗಳ ಗುಂಪು, ಸಿಪ್ಪೆಗೂ ಗುಂಪಿಗೂ ನಡುವೆ ಖಾಲಿ ಜಾಗ. ದುಂಡುಹುಳುವಿನ ಮೊಟ್ಟೆಯಾದರೆ ಕಂದು ಬಣ್ಣ, ಮೈಯೆಲ್ಲ ಗಂಟುಗಂಟು. ಚಾಟಿಹುಳುವಿನದು ಎರಡೂ ತುದಿಗೆ ಬಿರಡೆ ಹಾಕಿದ ಪೀಪಾಯಿಯ ಹಾಗೆ.

ಏನೂ ಕಾಣಲಿಲ್ಲ ಅಂತ ಅಲ್ಲಿಗೇ ಬಿಡಬೇಡಿ, ಉಪ್ಪುನೀರಿನಲ್ಲಿ ತೇಲಿಸಿ ನೋಡಿ. ಖರ್ಚೇ ಇಲ್ಲದ ವಿಧಾನ. ಬಿಸಿನೀರಿಗೆ ಉಪ್ಪು ಹಾಕುತ್ತಾ ಹೋಗಿ, ಇನ್ನು ಕರಗುವುದಿಲ್ಲ ಅನ್ನುವಾಗ ನಿಲ್ಲಿಸಿ, ಆರಿಸಿ ಸೋಸಿಕೊಳ್ಳಿ. ಚಿಕ್ಕ ಬಾಟಲಿಯಲ್ಲಿ ಒಂದು ಗ್ರಾಂನಷ್ಟು ಮಲ ಹಾಕಿ ಈ ನೀರಿನಲ್ಲಿ ಚೆನ್ನಾಗಿ ಕಲಸಿ, ಮೇಲೆ ತೇಲುವ ಕಸ ತೆಗೆದು, ಬಾಯಿಯ ಮೇಲೆ ನೀರು ಉಬ್ಬಿ ನಿಲ್ಲುವಷ್ಟು ತುಂಬಿಸಿ, ಗುಳ್ಳೆ ಸೇರದ ಹಾಗೆ ಸ್ಲೈಡ್ ಇಡಿ. ಇಪ್ಪತ್ತು ನಿಮಿಷ ಬಿಟ್ಟು ನೇರವಾಗಿ ಮೇಲೆತ್ತಿ, ತಟ್ಟನೆ ತಿರುಗಿಸಿ, ಕವರ್‌ಸ್ಲಿಪ್ ಹಾಕಿ ತಕ್ಷಣ ನೋಡಿ. ಕೊಕ್ಕೆಹುಳುವಿನ ಮೊಟ್ಟೆ ಹಗುರ, ಮೇಲೆ ಬಂದಿರುತ್ತದೆ. ಆದರೆ ಲಾಡಿಹುಳುವಿನ ಮೊಟ್ಟೆ, ಫಲಿತವಾಗದ ದುಂಡುಹುಳು ಮೊಟ್ಟೆ ತೇಲುವುದಿಲ್ಲ, ಅವಕ್ಕೆ ಫಾರ್ಮಾಲ್-ಈಥರ್ ವಿಧಾನವೇ ಬೇಕು, ಅಂದರೆ ಫಾರ್ಮಾಲಿನ್, ಈಥರ್ ಸೇರಿಸಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೊಟ್ಟೆಗಳನ್ನು ತಳಕ್ಕೆ ಇಳಿಸುವುದು.

ಎಷ್ಟು ಮೊಟ್ಟೆ ಇವೆ ಅಂತ ಲೆಕ್ಕ ಬೇಕಿದ್ದರೆ ಕೇಟೊ-ಕಾಟ್ಜ್ ವಿಧಾನ: ಅಳತೆಯ ಅಚ್ಚಿನಲ್ಲಿ ಮಲ ತುಂಬಿ ಸ್ಲೈಡಿಗೆ ಹಾಕಿ, ಗ್ಲಿಸರಿನ್‌ನಲ್ಲಿ ನೆನೆಸಿದ ಸೆಲೋಫೇನ್ ಮುಚ್ಚಿ ಎಣಿಸುವುದು. 41.7 ಮಿಲಿಗ್ರಾಂ ಹಿಡಿಯುವ ಅಚ್ಚಾದರೆ ಸಿಕ್ಕ ಸಂಖ್ಯೆಯನ್ನು 24ರಿಂದ ಗುಣಿಸಿದರೆ ಒಂದು ಗ್ರಾಂ ಮಲದ ಲೆಕ್ಕ. ಗ್ಲಿಸರಿನ್‌ನಲ್ಲಿ ಕೊಕ್ಕೆಹುಳುವಿನ ಮೊಟ್ಟೆ ಬೇಗ ಮಾಯವಾಗುತ್ತದೆ, ಒಂದು ಗಂಟೆಯೊಳಗೆ ಎಣಿಸಿಬಿಡಿ.

ಇನ್ನೊಂದು ತೊಡಕು. ನಿನ್ನೆ ಬೆಳಿಗ್ಗೆ ತೆಗೆದು ಇವತ್ತು ಬಸ್ಸಿನಲ್ಲಿ ಬಂದ ಡಬ್ಬಿಯಲ್ಲಿ ಮೊಟ್ಟೆ ಒಡೆದು ಮರಿ ಓಡಾಡುತ್ತಿರಬಹುದು. ಅದನ್ನು ಸ್ಟ್ರಾಂಜಿಲಾಯ್ಡಿಸ್ (ಮಲದಲ್ಲಿ ಮರಿಯಾಗಿಯೇ ಕಾಣುವ ಇನ್ನೊಂದು ಕರುಳಿನ ಹುಳು) ಅಂತ ಬರೆದುಬಿಡುವ ಅಪಾಯ ಇದೆ, ಅಲ್ವಾ? 40ರ ಲೆನ್ಸ್ ಹಾಕಿ ಬಾಯಿ ನೋಡಿ: ಕೊಕ್ಕೆಹುಳು ಮರಿಯ ಬಾಯಿಕುಹರ ಉದ್ದ, ಸ್ಟ್ರಾಂಜಿಲಾಯ್ಡಿಸ್‌ನದು ಗಿಡ್ಡ. ಅನುಮಾನ ಇದ್ದರೆ ಹೊಸ ಸ್ಯಾಂಪಲ್ ಕೇಳಿ, ಇಲ್ಲವೇ ಮೆಡಿಕಲ್ ಕಾಲೇಜಿನ ಮೈಕ್ರೋಬಯಾಲಜಿ ವಿಭಾಗಕ್ಕೆ ಕಳಿಸಿ.

ರಿಪೋರ್ಟಿನಲ್ಲಿ ಬರೀ 'ನೆಗೆಟಿವ್' ಅಂತ ಬರೆಯಬೇಡಿ. ಮೊಟ್ಟೆ ದಿನವೂ ಒಂದೇ ಪ್ರಮಾಣದಲ್ಲಿ ಬರುವುದಿಲ್ಲ. 'ಒಂದು ಸ್ಯಾಂಪಲ್ ನೋಡಿದೆ, ಮೊಟ್ಟೆ ಕಂಡಿಲ್ಲ' ಅಂತ ಬರೆದು, ದಿನ ಬಿಟ್ಟು ದಿನ ಇನ್ನೆರಡು ಸ್ಯಾಂಪಲ್ ತರಲು ಹೇಳಿ, ಕೈಗೆ ಎರಡು ಡಬ್ಬಿ ಕೊಟ್ಟೇ ಕಳಿಸಿ.